ಯವನರ ಕ್ರೀಡೋತ್ಸವಗಳೂ ಈ ಕಾಲದ ಒಲಿಂಪಿಕ್ ಕೂಟಗಳೂ

ಮಠದ ಮಹೋತ್ಸವದಲ್ಲಿ ಆಟೋಟಗಳ ಪ್ರಸ್ತಾಪವೇಕೆಂದು ಕೆಲವರಿಗೆ ತೋರಬಹುದು. ಯವನರ ನಾಡಿನಲ್ಲಿ ಅವು ಬೆಳೆದುದೇ ದೇವತೋತ್ಸವದ ಅಂಗವಾಗಿ ಎಂಬುದೇ ಅದಕ್ಕೆ ಸಮಾಧಾನವು.

ಒಲಿಂಪಿಯಾ ಕ್ಷೇತ್ರದಲ್ಲಿ ಜ್ಯೂಸ್ ದೇವತೆಯ ಪ್ರೀತ್ಯರ್ಥವಾಗಿ ನಾಲ್ಕು ವರ್ಷಗಳಿಗೊಮ್ಮೆ ಜಾತ್ರೆ ನೆರೆಯುತ್ತಿತ್ತು. ಕ್ರಿ. ಪೂ. 776ರಲ್ಲಿ ಎಲಿಸ್ ನಗರದ ಕೊರೋಯಿಬಸ್ ಎಂಬಾತನು ಸುಮಾರು 192 ಮೀಟರುಗಳ ಓಟದಲ್ಲಿ ಗೆದ್ದನೆಂದು ಅವರ ಸಂಪ್ರದಾಯವು ಹೇಳುವುದು. ಆತನು ವೃತ್ತಿಯಿಂದ ಅಡಿಗೆಯವನಂತೆ!

ಆ ಉತ್ಸವಕ್ಕೆ ಮೂರು ಕಟ್ಟುಗಳಿದ್ದುವು. ಮೊದಲನೆಯದು ಶಾಂತಿ. ದೂತರು ಊರೂರಿಗೆ ಹೋಗಿ ಸಾರಿದ ಮೇಲೆ ಯಾತ್ರಿಕರ ಮೈಮುಟ್ಟುವಂತಿರಲಿಲ್ಲ. ಯುದ್ಧಗಳೆಲ್ಲ ನಿಲ್ಲದಿದ್ದರೂ ದಾರಿಯು ನಿರ್ಭಯವಾಗಿತ್ತು. ಎರಡನೆಯದು ಪ್ರಮಾಣ. ತಪ್ಪಿದವರ ದಂಡದ ಹಣದಿಂದ ಜ್ಯೂಸನ ಕಂಚಿನ ಮೂರ್ತಿಗಳನ್ನು ಮಾಡಿಸಿ, ಕ್ರೀಡಾಂಗಣದ ದಾರಿಯಲ್ಲಿಯೇ ನಿಲ್ಲಿಸಿದರು, ಕ್ರಿ. ಪೂ. 388ರಲ್ಲಿ ಎದುರಾಳಿಗಳಿಗೆ ಲಂಚವಿತ್ತ ಯೂಪೋಲಸನೆಂಬ ಮುಷ್ಟಿಮಲ್ಲನ ಪ್ರಕರಣವೇ ಇದಕ್ಕೆ ಮೊದಲು. ಮೂರನೆಯದು ಬಹುಮಾನ: ಕಾಡು ಆಲಿವ್ ಎಲೆಗಳ ಒಂದು ಕಿರೀಟ, ಅದೂ ಮೊದಲಿಗನೊಬ್ಬನಿಗೆ ಮಾತ್ರ.

ಆದರೆ ಅಲ್ಲಿಯ ಕೊರತೆಯನ್ನು ಮರೆಮಾಚಬಾರದು. ದಾಸರಿಗೆ ಸ್ಪರ್ಧೆಯಿರಲಿಲ್ಲ, ವಿವಾಹಿತ ಸ್ತ್ರೀಯರಿಗೆ ನೋಡುವ ಅಧಿಕಾರವೂ ಇರಲಿಲ್ಲ.

1896ರಲ್ಲಿ ಅಥೆನ್ಸಿನಲ್ಲಿ ಈ ಉತ್ಸವವು ಮರುಹುಟ್ಟು ಪಡೆಯಿತು. ಪ್ರಾಚೀನರು ಉತ್ಸವಕ್ಕಾಗಿ ಆಯುಧವನ್ನು ತಡೆದರು. ಆಧುನಿಕರಾದರೋ 1916, 1940, 1944ರಲ್ಲಿ ಆಯುಧಕ್ಕಾಗಿ ಉತ್ಸವವನ್ನೇ ತಡೆದರು. ಅಂದಿನ ಲಂಚದೊಡನೆ ಇಂದು ಮದ್ದಿನ ಮೋಸವೂ ಸೇರಿದೆ. ಆದರೂ ಜಾತಿ, ಮತ, ಲಿಂಗಗಳ ಭೇದವಿಲ್ಲದೆ ಬಾಗಿಲು ತೆರೆದುದು ನಮ್ಮ ಕಾಲದ ಹಿರಿಮೆಯು.

ಕನ್ನಡನಾಡಿಗೂ ಇದರಲ್ಲಿ ಪಾಲುಂಟು. 1920ರಲ್ಲಿ ಆಂಟ್ವರ್ಪಿನ ಕೂಟಕ್ಕೆ ದೊರಾಬ್ಜಿ ತಾತಾರವರ ಪ್ರಯತ್ನದಿಂದ ಹೋದ ಸಣ್ಣ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆಯವರಿದ್ದರು. 42 ಕಿಲೋಮೀಟರಿಗೂ ಮಿಕ್ಕ ಮ್ಯಾರಥಾನ್ ಓಟವನ್ನು 2 ಗಂಟೆ 50 ನಿಮಿಷಗಳಲ್ಲಿ ಮುಗಿಸಿ 19ನೆಯವರಾದರು. ಯವನರ ಕಟ್ಟಳೆಯಂತೆ ಅವರಿಗೆ ಒಂದೆಲೆಯೂ ಸಲ್ಲದು.

ನಮ್ಮ ಕೆಂಗೇರಿಯ ದಾರಿಯಲ್ಲಿ, ಜ್ಞಾನಭಾರತಿಯ ಬಳಿ, ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿರುವುದು. 2020ರ ಮಹಾಮಾರಿಯ ಕಾಲದಲ್ಲಿ ಹಾಕಿ ಆಟಗಾರರೂ ಆಟಗಾರ್ತಿಯರೂ ಮನೆಮಠಗಳನ್ನಗಲಿ ತಿಂಗಳುಗಟ್ಟಲೆ ಅಲ್ಲಿಯೇ ಇದ್ದರು. 2021ರ ಆಗಸ್ಟ್ 5ರಂದು ಟೋಕಿಯೋದಲ್ಲಿ ಪುರುಷರು ಜರ್ಮನಿಯನ್ನು 5-4ರಿಂದ ಗೆದ್ದು, 41 ವರ್ಷಗಳ ತರುವಾಯ ಪದಕವನ್ನು ತಂದರು. ಮರುದಿನ ಸ್ತ್ರೀಯರು ಬ್ರಿಟನ್ನಿಗೆ 3-4ರಿಂದ ಸೋತು ನಾಲ್ಕನೆಯವರಾದರು. ಒಂದೇ ಅಂಗಳದಲ್ಲಿ ಬೆವರು ಸುರಿಸಿದವರು. ಒಬ್ಬರಿಗೆ ಪದಕ, ಒಬ್ಬರಿಗೆ ಕಣ್ಣೀರು. ದುಡಿಮೆಯಲ್ಲಿ ಯಾರದು ಕಡಿಮೆಯೆಂದು ಹೇಳೋಣ?

ತಾಯಿತಂದೆಗಳೇ, ರಾಜಾಜಿನಗರ, ವಿಜಯನಗರಗಳ ನಮ್ಮ ಮಕ್ಕಳಲ್ಲಿ ಪದಕ ತರುವವರು ವಿರಳ. ಸೋತು ಮನೆಗೆ ಬರುವವರೇ ಬಹುಮಂದಿ. ಹಾಗೆಂದು ಅವರಿಗೆ ಬಯಲನ್ನು ತಪ್ಪಿಸಬೇಡಿರಿ. ಗಂಡುಮಕ್ಕಳಂತೆ ಹೆಣ್ಣುಮಕ್ಕಳನ್ನೂ ಕಳುಹಿಸಿರಿ. ಹಿಂದಿರುಗಿದ ಮಗುವನ್ನು “ಗೆದ್ದೆಯಾ?” ಎಂದು ಕೇಳುವುದಕ್ಕೆ ಮುಂಚೆ “ನೇರವಾಗಿ ಆಡಿದೆಯಾ? ಕೊನೆಯವರೆಗೆ ಓಡಿದೆಯಾ?” ಎಂದು ಕೇಳಿರಿ. ಹೌದೆಂದು ಧೈರ್ಯವಾಗಿ ಹೇಳಬಲ್ಲ ಮಗುವು 19ನೆಯದಾದರೂ ತಲೆಯೆತ್ತಿ ಮನೆಯನ್ನು ಹೊಗಲಿ.