ಕ್ಲೈಮ್ಯಾಕ್ಸ್ ಮೊದಲೇ ಗೊತ್ತಿರೋ ಕಾದಂಬರಿ: ‘ಚಿಕವೀರ ರಾಜೇಂದ್ರ’ ಓದ್ತಾ ನನ್ನ ಮೂರು ಊಹೆಗಳು

ಇವತ್ತು ಒಂದು ಪುಸ್ತಕದ ಬಗ್ಗೆ ಮಾತಾಡೋಣ. ಇದು ವಿಮರ್ಶೆ ಅಲ್ಲ, ಯಾಕಂದ್ರೆ ನಾನಿನ್ನೂ ಓದಿ ಮುಗಿಸಿಲ್ಲ. ಮೂರನೇ ಒಂದು ಭಾಗ ಆಗಿದೆ ಅಷ್ಟೇ. ಪುಸ್ತಕ, ಮಾಸ್ತಿ ವೆಂಕಟೇಶ ಅಯ್ಯಂಗಾರರ ‘ಚಿಕವೀರ ರಾಜೇಂದ್ರ’. 1956ರಲ್ಲಿ ಬಂದದ್ದು. ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದುಕೊಟ್ಟ ಕಾದಂಬರಿ ಇದೇ.

ಐತಿಹಾಸಿಕ ಕಾದಂಬರಿಯಲ್ಲಿ ಒಂದು ತಮಾಷೆ ಇದೆ. ಕ್ಲೈಮ್ಯಾಕ್ಸ್ ಗೂಗಲ್‌ನಲ್ಲೇ ಸಿಕ್ಕಿಬಿಡುತ್ತೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಳ್ತು. ಹಾಲೇರಿ ವಂಶದ ಕೊನೆಯ ಅರಸ ಗಡೀಪಾರಾಗಿ ಕಾಶಿ ಸೇರಿದ, 1852ರಲ್ಲಿ ಮಗಳ ಜೊತೆ ಇಂಗ್ಲೆಂಡಿಗೆ ಹೋದ, 1859ರಲ್ಲಿ ಅಲ್ಲೇ ತೀರಿಹೋದ. ಹಾಗಾದ್ರೆ ಊಹೆ ಮಾಡೋಕೆ ಏನುಳೀತು? ಏನಾಗುತ್ತೆ ಅನ್ನೋದು ಗೊತ್ತು. ಯಾರಿಂದ ಆಗುತ್ತೆ, ಅದೇ ಪ್ರಶ್ನೆ.

ಮೊದಲ ಅನಿಸಿಕೆ: ಕೋಟೆ, ಕತ್ತಿ, ಕುದುರೆ ಅಂತ ಕಾಯ್ತಿದ್ದೆ. ಸಿಕ್ಕಿದ್ದು ಒಂದು ಮನೆ ಜಗಳ. ತಂಗಿಯನ್ನೇ ಸೆರೆಯಲ್ಲಿಟ್ಟ ಅಣ್ಣ, ಗಂಡನ ಮರ್ಯಾದೆಯನ್ನೂ ನಾಡಿನ ಮರ್ಯಾದೆಯನ್ನೂ ಒಟ್ಟಿಗೆ ಕಾಯಬೇಕಾದ ರಾಣಿ ಗೌರಮ್ಮ, ನುಂಗಲೂ ಆಗದೆ ಉಗುಳಲೂ ಆಗದೆ ಕೂತ ಮಂತ್ರಿಗಳು. ಭಾಷೆಯಂತೂ ಮನೆಯ ಹಿರಿಯರು ಜಗಲಿಯಲ್ಲಿ ಕೂತು ಕಥೆ ಹೇಳಿದ ಹಾಗಿದೆ. ಅಬ್ಬರ ಇಲ್ಲ. ಅದಕ್ಕೇ ರಾಜನ ಕ್ರೌರ್ಯ ಇನ್ನೂ ಜಾಸ್ತಿ ತಟ್ಟುತ್ತೆ.

ಈಗ ಊಹೆಗಳು.

ಒಂದು: ಕುಂಟ ಬಸವ. ನಾಯಿ ನೋಡಿಕೊಳ್ತಿದ್ದವನು ಮಂತ್ರಿ ಆಗಿದ್ದಾನೆ. ಎಲ್ಲರೂ ಅವನನ್ನು ದ್ವೇಷಿಸ್ತಾರೆ. ಆದರೆ ರಾಜನಿಗೆ ಇರೋ ಒಬ್ಬನೇ ಗೆಳೆಯ ಅವನು. ಮಾಸ್ತಿ ಅವನನ್ನು ಬರೀ ವಿಲನ್ ಮಾಡಿ ಬಿಡಲ್ಲ ಅಂತ ನನ್ನ ಬೆಟ್. ಅವನ ಹುಟ್ಟಿನ ಹಿಂದೆ ಏನೋ ಇದೆ.

ಎರಡು: ಬೀಗ ಒಳಗಿನಿಂದಲೇ ತೆಗೆಯುತ್ತೆ. ಇತಿಹಾಸದಲ್ಲಿ ರಾಜನ ತಂಗಿ ಮತ್ತು ಭಾವ 1832ರಲ್ಲಿ ತಪ್ಪಿಸಿಕೊಂಡು ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಹತ್ತಿರ ಆಶ್ರಯ ಕೇಳಿದ್ರು. ಕಾದಂಬರಿಯಲ್ಲಿ ನನ್ನ ಕಣ್ಣಿರೋದು ಬೋಪಣ್ಣನ ಮೇಲೆ. ಸ್ವಾಭಿಮಾನಿ ಕೊಡವ ಮಂತ್ರಿ. ಇಂಥವನು ಎಷ್ಟು ದಿನ ಸಹಿಸ್ತಾನೆ? ಕೆಟ್ಟವನೊಬ್ಬ ನಾಡು ಬಿಟ್ಟುಕೊಡೋದಲ್ಲ, ಒಳ್ಳೆಯವನೊಬ್ಬ ಬೇರೆ ದಾರಿ ಕಾಣದೆ ಬಿಟ್ಟುಕೊಡೋದು, ಇದು ಇಲ್ಲಿ ನಡೆಯುತ್ತೆ ಅನ್ಸುತ್ತೆ.

ಮೂರು: ಮಾಸ್ತಿ ಕಂಪನಿಗೂ ಕ್ಲೀನ್ ಚಿಟ್ ಕೊಡಲ್ಲ. ಈ ರಾಜನ ದೊಡ್ಡಪ್ಪ ದೊಡ್ಡವೀರರಾಜೇಂದ್ರ ಟಿಪ್ಪು ವಿರುದ್ಧ ಇಂಗ್ಲಿಷರ ಜೊತೆ ನಿಂತವನು. ಆ ಸ್ನೇಹ ಅರ್ಧ ಶತಮಾನ ಕೂಡ ಬಾಳಲಿಲ್ಲ. ಇನ್ನೊಂದು ಸುಳಿವು: ಮಾಸ್ತಿಯವರ ಮತ್ತೊಂದು ಐತಿಹಾಸಿಕ ಕಾದಂಬರಿ ‘ಚೆನ್ನಬಸವ ನಾಯಕ’. ಅದೂ ಒಂದು ರಾಜ್ಯ ಕುಸಿದ ಕಥೆ, ಬಿದನೂರಿನದ್ದು. ಗೆದ್ದವರ ಕಥೆಗಿಂತ, ಮನೆ ಒಳಗಿಂದ ಹೇಗೆ ಗೆದ್ದಲು ಹಿಡಿಯುತ್ತೆ ಅನ್ನೋದೇ ಅವರಿಗೆ ಮುಖ್ಯ.

ನನ್ನನ್ನು ಹಿಡಿದಿಟ್ಟಿರೋ ಪ್ರಶ್ನೆ ಇದು. ಆಳುವವನು ಕೆಟ್ಟವನಾದ್ರೆ ಕೆಳಗಿರೋರು ಏನು ಮಾಡಬೇಕು? ಸುಮ್ಮನಿದ್ರೆ ಪಾಪದಲ್ಲಿ ಪಾಲು. ಹೊರಗಿನವರನ್ನು ಪಂಚಾಯ್ತಿಗೆ ಕರೆದ್ರೆ, ಜಗಳ ಬಿಡಿಸಲು ಬಂದವರು ಮನೆ ಬೀಗದ ಕೈಯನ್ನೇ ಇಟ್ಟುಕೊಂಡ್ರೆ? ಕೊಡಗಿಗೆ ಆಗಿದ್ದು ಅದೇ. ಆಫೀಸು, ಊರು, ಪಕ್ಷ, ಎಲ್ಲಿ ಇಟ್ಟು ನೋಡಿದ್ರೂ ಈ ಪ್ರಶ್ನೆ ಹಳೇದಾಗಲ್ಲ.

ಓದಿ ಮುಗಿಸಿದ ಮೇಲೆ ಮೂರರಲ್ಲಿ ಎಷ್ಟು ನಿಜ ಆಯ್ತು ಅಂತ ಲೆಕ್ಕ ಒಪ್ಪಿಸ್ತೀನಿ. ಈಗಾಗಲೇ ಓದಿರೋರು ದಯವಿಟ್ಟು ಬಸವನ ಗುಟ್ಟು ಬಿಟ್ಟುಕೊಡಬೇಡಿ. ಓದದೇ ಇರೋರು ಇವತ್ತೇ ಶುರು ಮಾಡಿ, ನಿಮ್ಮ ಊಹೆ ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ತಾಳೆ ನೋಡೋಣ.