ಕಾಫಿ ಗಿಡ, ಗೆಜೆಟ್, ಮೀಸೆಯ ಮೀನು: ವಿಯೆಟ್ನಾಂ ಪಡೆದ ನೆರವಿನ ಕತೆ

(ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಈಚೆಗೆ ಆಡಿದ ಮಾತುಗಳ ಬರಹರೂಪ)



ವಿದೇಶಿ ನೆರವು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಗೋಧಿ ಮೂಟೆ, ಹಾಲಿನ ಪುಡಿ, ಕೊಳವೆಬಾವಿ, ಲಸಿಕೆ. ಉಳ್ಳವರು ಇಲ್ಲದವರಿಗೆ ಕೊಡುವ ದಾನ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇವತ್ತು ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ನೆರವಿನ ವಿಚಾರ. ಒಂದು ದೇಶಕ್ಕೆ ತನ್ನ ಸರಕನ್ನು ಹೊರಗೆ ಮಾರುವ ಶಕ್ತಿ ಬರಲೆಂದು ಕೊಡುವ ನೆರವು. 2005ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ವಿಶ್ವ ವ್ಯಾಪಾರ ಸಂಘಟನೆಯ ಸಚಿವರ ಸಮ್ಮೇಳನ 'ವ್ಯಾಪಾರಕ್ಕಾಗಿ ನೆರವು' ಎಂಬ ಹೆಸರಿಗೆ ಮುದ್ರೆ ಒತ್ತಿತು. ಹೆಸರು ಹೊಸದಾದರೂ ಕೆಲಸ ಹಳೆಯದು.

ಈ ನೆರವು ಅತಿ ಹೆಚ್ಚು ಬೇಕಾದದ್ದು ಸಮಾಜವಾದಿ ಯೋಜನೆಯಿಂದ ಮಾರುಕಟ್ಟೆಯ ಕಡೆಗೆ ಹೊರಳಿದ ದೇಶಗಳಿಗೆ. ಅರ್ಥಶಾಸ್ತ್ರಜ್ಞರು ಇವನ್ನು ಸಂಕ್ರಮಣ ಅರ್ಥವ್ಯವಸ್ಥೆಗಳು ಎನ್ನುತ್ತಾರೆ. ಇವುಗಳ ಕಷ್ಟ ವಿಚಿತ್ರವಾದದ್ದು. ಕಾರ್ಖಾನೆ ಇತ್ತು, ಎಂಜಿನಿಯರುಗಳಿದ್ದರು, ಓದುಬರಹ ಬಲ್ಲ ಜನರಿದ್ದರು. ಆದರೆ ಗಿರಾಕಿಯನ್ನು ಹುಡುಕಿ ಮಾರಿ ಗೊತ್ತಿರಲಿಲ್ಲ. ಯಾರಿಗೆ, ಎಷ್ಟು, ಯಾವ ಬೆಲೆಗೆ ಎಂಬುದನ್ನೆಲ್ಲ ರಾಜಧಾನಿಯ ಸಚಿವಾಲಯ ತೀರ್ಮಾನಿಸುತ್ತಿತ್ತು. ಸಚಿವಾಲಯ ಕೈಬಿಟ್ಟ ದಿನ ಮಾಲು ಗೋದಾಮಿನಲ್ಲೇ ಉಳಿಯಿತು.

ಇಂಥ ದೇಶಗಳಲ್ಲಿ ನಾನು ವಿಯೆಟ್ನಾಂ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅಲ್ಲಿನ ಕತೆ ಕೊನೆಗೆ ನಮ್ಮ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳ ಬೇಲಿಗೆ ಬಂದು ತಾಗುತ್ತದೆ. ಆದರೆ ಕತೆ ಆರಂಭವಾಗುವುದು ಬರ್ಲಿನ್‌ನಲ್ಲಿ.

1975ರ ಜುಲೈನಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳ ಮೇಲೆ ಹಿಮ ಸುರಿಯಿತು. ಗಿಡಗಳು ಸುಟ್ಟು ಕರಕಲಾದವು. ಮುಂದಿನ ಎರಡು ವರ್ಷಗಳಲ್ಲಿ ಕಾಫಿಯ ಬೆಲೆ ಗಗನಕ್ಕೇರಿತು. ಡಾಲರಿನ ಬರವಿದ್ದ ಪೂರ್ವ ಜರ್ಮನಿಗೆ ಇದು ದೊಡ್ಡ ಪೆಟ್ಟು. ಅಲ್ಲಿನ ಜನಕ್ಕೆ ಕಾಫಿ ಎಂದರೆ ನಮ್ಮ ಹಳೆ ಮೈಸೂರಿನವರಿಗೆ ಇದ್ದಷ್ಟೇ ಪ್ರೀತಿ. 1977ರಲ್ಲಿ ಸರ್ಕಾರ ಉಪಾಯ ಹೂಡಿ 'ಕಾಫಿ ಮಿಕ್ಸ್' ಎಂಬ ಪುಡಿ ಬಿಡುಗಡೆ ಮಾಡಿತು. ಅದರಲ್ಲಿ ಕಾಫಿ ಶೇ. 51, ಉಳಿದದ್ದು ಚಿಕೋರಿ, ರೈ ಧಾನ್ಯ, ಸಕ್ಕರೆ ಬೀಟ್ ಇತ್ಯಾದಿ. ಚಿಕೋರಿ ಬೆರೆಸಿದ ಕಾಫಿಯನ್ನು ಚಪ್ಪರಿಸಿ ಕುಡಿಯುವ ನಾವು ಇದನ್ನು ಅಪರಾಧವೆನ್ನಲಾರೆವು. ಆದರೆ ಪೂರ್ವ ಜರ್ಮನರು ಕೆರಳಿದರು. ದೂರಿನ ಪತ್ರಗಳು ಸರ್ಕಾರಿ ಕಚೇರಿಗಳಿಗೆ ರಾಶಿರಾಶಿಯಾಗಿ ಬಂದವು. ಬೇರೆ ವಿಷಯದಲ್ಲಿ ಬಾಯಿ ಬಿಡಲು ಹೆದರುತ್ತಿದ್ದ ಜನ ಕಾಫಿಗಾಗಿ ಬಾಯಿ ಬಿಟ್ಟರು.

ಆಗ ಅಧಿಕಾರಿಗಳ ಕಣ್ಣು ಬಿದ್ದದ್ದು ವಿಯೆಟ್ನಾಂ ಮೇಲೆ. ಫ್ರೆಂಚ್ ಪಾದ್ರಿಗಳು 1857ರಲ್ಲೇ ಅಲ್ಲಿಗೆ ಕಾಫಿ ತಂದಿದ್ದರು. ದೀರ್ಘ ಯುದ್ಧದಿಂದ ತೋಟಗಳು ಹಾಳುಬಿದ್ದಿದ್ದವು. 1980ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡವು. ಪೂರ್ವ ಜರ್ಮನಿ ಯಂತ್ರ, ಲಾರಿ, ತರಬೇತಿ ಕೊಡಬೇಕು. ವಿಯೆಟ್ನಾಂ ಜಮೀನು ಮತ್ತು ಜನರನ್ನು ಒದಗಿಸಬೇಕು. ಬೆಳೆಯಲ್ಲಿ ಅರ್ಧ ಇಪ್ಪತ್ತು ವರ್ಷಗಳವರೆಗೆ ಜರ್ಮನಿಗೆ. ಇದು ನೆರವೋ, ಗೇಣಿ ಕರಾರೋ ಎಂದು ನೀವು ಕೇಳಬಹುದು. ಎರಡೂ ಹೌದು. ದಕ್ಲಾಕ್ ಪ್ರಾಂತ್ಯದ ಕೆಂಪು ಮಣ್ಣಿನ ಪ್ರಸ್ಥಭೂಮಿಯಲ್ಲಿ 600 ಹೆಕ್ಟೇರಿನಷ್ಟಿದ್ದ ತೋಟ 8,600 ಹೆಕ್ಟೇರಿಗೆ ಬೆಳೆಯಿತು. ಸುಮಾರು ಹತ್ತು ಸಾವಿರ ಜನರನ್ನು ಬೇರೆಡೆಯಿಂದ ಕರೆತಂದು ನೆಲೆಗೊಳಿಸಲಾಯಿತು. ಅವರಿಗೆ ಮನೆ, ಆಸ್ಪತ್ರೆ, ಅಂಗಡಿ ಎದ್ದವು. ಜಲವಿದ್ಯುತ್ ಘಟಕವೊಂದು ತಲೆಯೆತ್ತಿತು.

ತೋಟ ಫಲಕ್ಕೆ ಬರುವ ಹೊತ್ತಿಗೆ ಏನಾಯಿತು ನೋಡಿ. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ಬಿತ್ತು. 1990ರ ಅಕ್ಟೋಬರ್ 3ರಂದು ಪೂರ್ವ ಜರ್ಮನಿ ಎಂಬ ದೇಶವೇ ಭೂಪಟದಿಂದ ಅಳಿಸಿಹೋಯಿತು. ಕಾಫಿ ಬೀಜ ಕಣದಲ್ಲಿ ಒಣಗುತ್ತಿದೆ, ಕರಾರು ಮಾಡಿಕೊಂಡ ಗಿರಾಕಿ ಇಲ್ಲ!

ಗಿರಾಕಿ ಇಲ್ಲವಾದರೂ ವಿದ್ಯೆ ಉಳಿಯಿತು. ಅಷ್ಟರಲ್ಲಿ, 1986ರಲ್ಲಿ, ವಿಯೆಟ್ನಾಂನ ಕಮ್ಯುನಿಸ್ಟ್ ಪಕ್ಷ 'ದೊಯ್ ಮೊಯ್' ಅಂದರೆ ನವೀಕರಣ ಎಂಬ ನೀತಿಯನ್ನು ಒಪ್ಪಿಯಾಗಿತ್ತು. ಸಾಮೂಹಿಕ ಜಮೀನಿನ ಕಟ್ಟು ಸಡಿಲಿಸಿ ರೈತ ಕುಟುಂಬಗಳಿಗೆ ಭೂಮಿಯ ಬಳಕೆಯ ಹಕ್ಕು ಕೊಟ್ಟಿತ್ತು. ಸಣ್ಣ ರೈತರು ರೊಬಸ್ಟಾ ಗಿಡ ನೆಟ್ಟದ್ದೇ ನೆಟ್ಟದ್ದು. 1990ರಲ್ಲಿ ಸುಮಾರು 90 ಸಾವಿರ ಟನ್ ಇದ್ದ ಇಳುವರಿ 2000ದ ವೇಳೆಗೆ ಸುಮಾರು 8 ಲಕ್ಷ ಟನ್‌ಗೆ ಜಿಗಿಯಿತು. ಕೊಲಂಬಿಯಾವನ್ನು ಹಿಂದಿಕ್ಕಿ ವಿಯೆಟ್ನಾಂ ಬ್ರೆಜಿಲ್ ನಂತರದ ಸ್ಥಾನಕ್ಕೆ ಏರಿತು.

ಇದು ಯಶಸ್ಸಿನ ಕತೆ ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ಪ್ರಸ್ಥಭೂಮಿಯಲ್ಲಿ ಮೊದಲಿನಿಂದ ಬಾಳಿದ್ದ ಎಡೆ, ಜರಾಯ್ ಮುಂತಾದ ಬುಡಕಟ್ಟು ಜನರನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ. ಹೊರಗಿನಿಂದ ಬಂದವರ ಕೈಗೆ ಭೂಮಿ ಜಾರುತ್ತ ಹೋಯಿತು. 2001ರ ಫೆಬ್ರವರಿಯಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು, ಸರ್ಕಾರ ಬಲ ಪ್ರಯೋಗಿಸಿ ಹತ್ತಿಕ್ಕಿತು. ರಫ್ತಿನ ಅಂಕಿಅಂಶ ಓದುವಾಗ ನಮಗೆ ಈ ಸಾಲು ಸಿಗುವುದಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. 1989ರ ಜುಲೈವರೆಗೆ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ಪ್ರತಿ ದೇಶಕ್ಕೂ ರಫ್ತಿನ ಪಾಲು ನಿಗದಿ ಮಾಡಿ ಬೆಲೆಗೆ ಆಸರೆಯಾಗಿತ್ತು. ಆ ಪಾಲಿನ ಪದ್ಧತಿ ಮುರಿದುಬಿತ್ತು. ಇತ್ತ ನಮ್ಮ ಬೆಳೆಗಾರರು ದಶಕಗಳಿಂದ ಕಾಫಿ ಮಂಡಳಿಯ ಪೂಲಿಗೆ ಮಾಲು ಒಪ್ಪಿಸಿ, ಕಂತು ಕಂತಾಗಿ ಹಣ ಪಡೆಯುತ್ತ, ಮಂಡಳಿಯನ್ನು ಬೈಯುತ್ತ ಬಂದಿದ್ದರು. 1993ರಿಂದ ಆ ಕಟ್ಟು ಸಡಿಲವಾಗಿ 1996ರಲ್ಲಿ ಪೂರ್ತಿ ಮುಕ್ತ ಮಾರಾಟಕ್ಕೆ ಅವಕಾಶ ಸಿಕ್ಕಿತು. 1994ರಲ್ಲಿ ಬ್ರೆಜಿಲ್‌ಗೆ ಮತ್ತೆ ಹಿಮ ಬಡಿದು ಬೆಲೆ ಏರಿದ್ದರಿಂದ ಮಲೆನಾಡಿನಲ್ಲಿ ಹೊಸ ಜೀಪು, ಹೊಸ ಮನೆ ಕಾಣಿಸಿಕೊಂಡವು. ಆಮೇಲೆ ಬಂತು ಕುಸಿತ. 1980ರ ದಶಕದಲ್ಲಿ ಪೌಂಡಿಗೆ ಸರಾಸರಿ 120 ಅಮೆರಿಕನ್ ಸೆಂಟ್‌ನಷ್ಟಿದ್ದ ಜಾಗತಿಕ ಬೆಲೆ 2001-02ರಲ್ಲಿ 50 ಸೆಂಟಿನ ಆಸುಪಾಸಿಗೆ ಇಳಿಯಿತು. ಬ್ರೆಜಿಲ್‌ನ ಹೊಸ ತೋಟಗಳೂ ಇದಕ್ಕೆ ಕಾರಣ. ಆದರೆ ರೊಬಸ್ಟಾದ ಪ್ರವಾಹ ಬಂದದ್ದು ವಿಯೆಟ್ನಾಂನಿಂದ. ದೇಶದ ಕಾಫಿಯಲ್ಲಿ ಶೇ. 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲಿ ಕೊಯ್ಲಿನ ಕೂಲಿಯೂ ಹುಟ್ಟದೆ ಸಣ್ಣ ಬೆಳೆಗಾರರು ಸಾಲದಲ್ಲಿ ಮುಳುಗಿದರು. ಬರ್ಲಿನ್‌ನ ಅಧಿಕಾರಿಗಳು 1980ರಲ್ಲಿ ಸಹಿ ಹಾಕುವಾಗ ಮಡಿಕೇರಿಯ ಹೆಸರು ಕೇಳಿದ್ದರೋ ಇಲ್ಲವೋ.

ವಿಶ್ವ ಬ್ಯಾಂಕೇ ವಿಯೆಟ್ನಾಂನಲ್ಲಿ ಕಾಫಿ ನೆಡಿಸಿತು ಎಂಬ ಆಪಾದನೆ ಆಗ ಜೋರಾಗಿ ಕೇಳಿಬಂತು. ಬ್ಯಾಂಕು ಅದನ್ನು ನಿರಾಕರಿಸಿತು. ಹೆಚ್ಚು ಸರಕು ಬೆಳೆಸುವುದಕ್ಕಷ್ಟೇ ಕೊಡುವ ನೆರವು ಅದೇ ಸರಕಿನ ಇನ್ನೊಬ್ಬ ಬಡ ಬೆಳೆಗಾರನಿಗೆ ಹೊಡೆತವಾಗಬಲ್ಲದು ಎಂಬುದನ್ನು ಮಾತ್ರ ಯಾರೂ ನಿರಾಕರಿಸುವಂತಿಲ್ಲ.

ಈಗ ಎರಡನೆಯ ಬಗೆಯ ನೆರವಿಗೆ ಬರುತ್ತೇನೆ. ಇದು ಕಣ್ಣಿಗೆ ಕಾಣದು, ಇದಕ್ಕೆ ಉದ್ಘಾಟನೆಯ ಟೇಪು ಕತ್ತರಿಸುವವರಿಲ್ಲ. ಆದರೂ ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯ ಇದರಲ್ಲೇ ಇದೆ.

ಅಮೆರಿಕ ವಿಯೆಟ್ನಾಂ ಮೇಲಿನ ವ್ಯಾಪಾರ ದಿಗ್ಬಂಧನವನ್ನು ತೆಗೆದದ್ದು 1994ರ ಫೆಬ್ರವರಿಯಲ್ಲಿ. 2000ದ ಜುಲೈನಲ್ಲಿ ಸಹಿ ಬಿದ್ದ ವ್ಯಾಪಾರ ಒಪ್ಪಂದ 2001ರ ಡಿಸೆಂಬರ್ 10ರಂದು ಜಾರಿಗೆ ಬಂತು. ವಿಯೆಟ್ನಾಂ ಸರಕಿನ ಮೇಲೆ ಅಮೆರಿಕ ಹಾಕುತ್ತಿದ್ದ ಸುಂಕ ಸರಾಸರಿ ಶೇ. 40ರಿಂದ ಶೇ. 3-4ಕ್ಕೆ ಇಳಿಯಿತು. ಪ್ರತಿಯಾಗಿ ವಿಯೆಟ್ನಾಂ ಮಾಡಬೇಕಿದ್ದ ಕೆಲಸ ಕಷ್ಟದ್ದು: ತನ್ನ ಕಾನೂನುಗಳನ್ನೇ ತಿರುಗಿ ಬರೆಯುವುದು. ಸುತ್ತೋಲೆ, ಮೇಲಧಿಕಾರಿಯ ಪತ್ರ ಇವೇ ಕಾನೂನಿನಂತೆ ನಡೆಯುತ್ತಿದ್ದ ಕಾಲ ಅದು. ಸುತ್ತೋಲೆ ಅಧಿಕಾರಿಯ ಮೇಜಿನ ಡ್ರಾಯರಿನಲ್ಲಿದ್ದರೆ ವ್ಯಾಪಾರಿಗೆ ನಿಯಮ ತಿಳಿಯುವುದು ಹೇಗೆ? ತಿಳಿಯಬೇಕಾದರೆ ಡ್ರಾಯರ್ ತೆರೆಸಬೇಕು, ತೆರೆಸುವುದಕ್ಕೆ ಏನು ಮಾಡಬೇಕೆಂಬುದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ.

ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ 2001ರಲ್ಲೇ 'ಸ್ಟಾರ್' ಎಂಬ ಯೋಜನೆ ಆರಂಭಿಸಿತು. ಹನೋಯ್‌ನಲ್ಲಿ ಒಂದು ಸಣ್ಣ ಕಚೇರಿ, ಕೆಲವು ವಕೀಲರು, ಅರ್ಥಶಾಸ್ತ್ರಜ್ಞರು, ಭಾಷಾಂತರಕಾರರು. ವಿಯೆಟ್ನಾಂನ ಸಚಿವಾಲಯಗಳು ಕೇಳಿದ ಕರಡುಗಳನ್ನು ಓದಿ ಅಭಿಪ್ರಾಯ ಹೇಳುವುದು, ಬೇರೆ ದೇಶಗಳ ಕಾನೂನು ತೋರಿಸುವುದು, ನ್ಯಾಯಾಧೀಶರಿಗೂ ಕಸ್ಟಮ್ಸ್ ಅಧಿಕಾರಿಗಳಿಗೂ ತರಬೇತಿ ಕೊಡುವುದು ಅವರ ಕೆಲಸ. 2005ರ ಒಂದೇ ವರ್ಷದಲ್ಲಿ ಸಿವಿಲ್ ಸಂಹಿತೆ, ವಾಣಿಜ್ಯ ಕಾನೂನು, ಉದ್ಯಮ ಕಾನೂನು, ಹೂಡಿಕೆ ಕಾನೂನು, ಬೌದ್ಧಿಕ ಆಸ್ತಿ ಕಾನೂನು ಹೊರಬಂದವು. ನಿಯಮಗಳನ್ನು ಗೆಜೆಟ್‌ನಲ್ಲಿ ಪ್ರಕಟಿಸಿಯೇ ಜಾರಿಗೆ ತರಬೇಕೆಂಬ ಪದ್ಧತಿ ಬೇರುಬಿಟ್ಟಿತು. ಆ ಗೆಜೆಟ್ ಜನರ ಕೈಗೆ ಸಿಗುವಂತೆ ಮಾಡುವುದಕ್ಕೂ ಯೋಜನೆ ನೆರವಾಯಿತು. 2007ರ ಜನವರಿ 11ರಂದು ವಿಯೆಟ್ನಾಂ ವಿಶ್ವ ವ್ಯಾಪಾರ ಸಂಘಟನೆಯ ಸದಸ್ಯನಾಯಿತು. ಬೇರೆಯವರೂ ಕೈಜೋಡಿಸಿದ್ದರು. ಜಪಾನ್ ಹನೋಯ್‌ನಿಂದ ಹೈಫಾಂಗ್ ಬಂದರಿಗೆ ಹೋಗುವ ಐದನೇ ಹೆದ್ದಾರಿಗೂ ಆ ಬಂದರಿಗೂ ಸಾಲ ಕೊಟ್ಟಿತು. ಡೆನ್ಮಾರ್ಕ್ ಮೀನು ಸಂಸ್ಕರಣೆಯ ಗುಣಮಟ್ಟ ಸುಧಾರಣೆಗೆ ಹಣ ಹಾಕಿತು.

ಫಲ? 2001ರಲ್ಲಿ ಸುಮಾರು 100 ಕೋಟಿ ಡಾಲರ್‌ನಷ್ಟಿದ್ದ ಅಮೆರಿಕದ ಆಮದು ಮರುವರ್ಷವೇ ಇಮ್ಮಡಿಗೂ ಹೆಚ್ಚಾಯಿತು. 2024ರಲ್ಲಿ ಅದು 13,600 ಕೋಟಿ ಡಾಲರ್ ದಾಟಿತು. ಇದೆಲ್ಲ ಆ ಸಣ್ಣ ಕಚೇರಿಯ ಪುಣ್ಯ ಎಂದರೆ ನಗೆಪಾಟಲಾದೀತು. ದುಡಿದವರು ವಿಯೆಟ್ನಾಂ ಜನ, ಬಂಡವಾಳ ತಂದವು ಕೊರಿಯಾ, ಜಪಾನ್, ತೈವಾನ್ ಕಂಪೆನಿಗಳು. ಆದರೂ ನಿಯಮ ಏನೆಂದು ಮುಂಚೆಯೇ ತಿಳಿಯದ ಕಡೆ ಯಾವ ಕಂಪೆನಿ ಕಾರ್ಖಾನೆ ಕಟ್ಟೀತು?

ಇನ್ನು ಮೀನಿನ ಪ್ರಸಂಗ. ಇದನ್ನು ಹೇಳದಿದ್ದರೆ ನನ್ನ ಮಾತು ಅಮೆರಿಕದ ಸ್ತುತಿಯಾಗಿಬಿಡುತ್ತದೆ.

ಮೆಕಾಂಗ್ ನದಿಯ ಮುಖಜಭೂಮಿಯಲ್ಲಿ ತ್ರಾ, ಬಾಸಾ ಎಂಬ ಮೀಸೆಯ ಮೀನುಗಳನ್ನು ಸಾಕುತ್ತಾರೆ. ಬೆಂಗಳೂರಿನ ಹೋಟೆಲುಗಳಲ್ಲಿ 'ಬಾಸಾ' ಎಂದು ಬಡಿಸುವುದು ಈ ಜಾತಿಯನ್ನೇ. ಒಪ್ಪಂದದ ಹೊತ್ತಿನಲ್ಲಿ ಈ ಮೀನು ಅಮೆರಿಕದ ಅಂಗಡಿಗಳಿಗೆ ಕ್ಯಾಟ್‌ಫಿಶ್ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಹೋಗತೊಡಗಿತು. ಮಿಸಿಸಿಪಿ, ಅಲಬಾಮಾ ಕಡೆಯ ಮೀನು ಸಾಕಣೆದಾರರು ಕೂಗೆಬ್ಬಿಸಿದರು. ಅವರೂ ಬಡ ಜಿಲ್ಲೆಗಳ ರೈತರೇ, ಅವರ ಸಂಕಟ ಸುಳ್ಳಲ್ಲ. 2002ರ ಮೇ ತಿಂಗಳಿನ ಕೃಷಿ ಕಾಯಿದೆ ಅಮೆರಿಕದ ಜಾತಿಯ ಮೀನಿಗಷ್ಟೇ ಕ್ಯಾಟ್‌ಫಿಶ್ ಎಂಬ ಹೆಸರನ್ನು ಕಾದಿರಿಸಿತು. ಹೆಸರು ಕಿತ್ತುಕೊಂಡರೂ ಮೀನು ಮಾರಾಟವಾಗುತ್ತಲೇ ಇತ್ತು. 2003ರಲ್ಲಿ, ಇದು ತೀರಾ ಕಡಿಮೆ ಬೆಲೆಗೆ ಸುರಿದ ಮಾಲು ಎಂದು ತೀರ್ಪಿತ್ತು, ಶೇ. 36.84ರಿಂದ 63.88ರವರೆಗೆ ದಂಡದ ಸುಂಕ ಹೇರಲಾಯಿತು.

ಲೆಕ್ಕ ಹಾಕಿದ ರೀತಿ ಕೇಳಿ. ವಿಯೆಟ್ನಾಂನದು ಮಾರುಕಟ್ಟೆ ಅರ್ಥವ್ಯವಸ್ಥೆಯಲ್ಲ, ಆದ್ದರಿಂದ ಅದರ ಬೆಲೆಗಳನ್ನು ನಂಬುವಂತಿಲ್ಲ ಎಂದು ಅಮೆರಿಕದ ವಾಣಿಜ್ಯ ಇಲಾಖೆ 2002ರಲ್ಲಿ ತೀರ್ಮಾನಿಸಿತು. ಮೆಕಾಂಗ್‌ನಲ್ಲಿ ಮೀನು ಸಾಕುವ ಖರ್ಚನ್ನು ಮುಖ್ಯವಾಗಿ ಬಾಂಗ್ಲಾದೇಶದ ಬೆಲೆಗಳಿಂದ ಅಂದಾಜು ಮಾಡಿತು! ಒಂದೇ ಸರ್ಕಾರದ ಒಂದು ಕೈ ಮಾರುಕಟ್ಟೆಯ ಕಾನೂನು ಬರೆಯಲು ವಕೀಲರನ್ನು ಕಳಿಸುತ್ತಿದೆ, ಇನ್ನೊಂದು ಕೈ ನಿಮ್ಮಲ್ಲಿ ಮಾರುಕಟ್ಟೆಯೇ ಇಲ್ಲ ಎಂದು ಬಾಗಿಲು ಹಾಕುತ್ತಿದೆ. ಈ ಹಣೆಪಟ್ಟಿ ತೆಗೆಯಬೇಕೆಂದು ವಿಯೆಟ್ನಾಂ ಬೇಡಿಕೊಂಡಾಗ 2024ರ ಆಗಸ್ಟ್‌ನಲ್ಲಿಯೂ ಇಲಾಖೆ ಒಪ್ಪಲಿಲ್ಲ.

ಆದರೆ ಮೀನು ಕೊಳೆಯಲಿಲ್ಲ. ಅದು ಯುರೋಪಿಗೆ ಹೋಯಿತು, ರಷ್ಯಾಕ್ಕೆ ಹೋಯಿತು, ನಮ್ಮ ಹೋಟೆಲುಗಳಿಗೂ ಬಂತು. ಯುರೋಪಿನ ಬಾಗಿಲು ತೆರೆಯಬೇಕಾದರೆ ಪ್ರಯೋಗಾಲಯ, ಶುಚಿತ್ವದ ದಾಖಲೆ, ತಪಾಸಣೆ ಎಲ್ಲ ಬೇಕು. 1997ರಲ್ಲಿ ಭಾರತದ ಮೀನಿಗೆ ಅದೇ ಯುರೋಪ್ ನಿಷೇಧ ಹೇರಿದ್ದು ಇಂಥ ಕೊರತೆಗಳಿಗಾಗಿಯೇ. ಡೆನ್ಮಾರ್ಕ್ ಕೊಟ್ಟ ನೆರವು ವಿಯೆಟ್ನಾಂ ಕೈ ಹಿಡಿದದ್ದು ಇಲ್ಲಿ. ಒಬ್ಬ ಗಿರಾಕಿಗಾಗಿ ನೆಟ್ಟ ಕಾಫಿ ಗಿಡ ಆ ಗಿರಾಕಿ ಮರೆಯಾದಾಗ ಅನಾಥವಾಯಿತು. ಪ್ರಯೋಗಾಲಯದ ಪ್ರಮಾಣಪತ್ರವಾದರೋ ಯಾವ ಗಿರಾಕಿಯ ಮುಂದೆಯೂ ನಡೆಯುತ್ತದೆ. ಹಾಗಾಗಿ ಲಾರಿ, ಯಂತ್ರ ಕೊಡುವ ನೆರವಿಗಿಂತ ಈ ನೆರವಿಗೆ ನಾನು ಹೆಚ್ಚು ಅಂಕ ಕೊಡುತ್ತೇನೆ.

ಹಾಗೆಂದು ಕೊಡುವವರನ್ನು ನೆಚ್ಚಿ ಕೂರುವಂತಿಲ್ಲ. 2025ರ ಏಪ್ರಿಲ್ 2ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ವಿಯೆಟ್ನಾಂ ಸರಕಿನ ಮೇಲೆ ಶೇ. 46ರ ಸುಂಕ ಘೋಷಿಸಿದರು. ಮಾತುಕತೆಯ ನಂತರ ಆಗಸ್ಟ್‌ನಲ್ಲಿ ಅದು ಶೇ. 20 ಆಗಿ ಜಾರಿಗೆ ಬಂತು. 2001ರ ಒಪ್ಪಂದದಿಂದ ಇಳಿದಿದ್ದ ಶೇ. 3-4ರ ಜೊತೆಗಿಟ್ಟು ನೋಡಿ. ನಡುವೆ, ಅದೇ ವರ್ಷದ ಜುಲೈ 1ರಂದು, ಆ ಕಾನೂನುಗಳಿಗೆ ನೆರವಾದ ಯುಎಸ್‌ಏಡ್ ಸಂಸ್ಥೆ ಬಾಗಿಲು ಮುಚ್ಚಿತ್ತು.

ಕಾಫಿಯ ಕತೆಗೆ ಒಂದು ಬಾಲವಿದೆ. 2024ರಲ್ಲಿ ವಿಯೆಟ್ನಾಂನ ಕಾಫಿ ಸೀಮೆಯಲ್ಲಿ ಮಳೆ ಕೈಕೊಟ್ಟಿತು. ಬೆಲೆಯಿಲ್ಲದೆ ಬೇಸತ್ತ ಅಲ್ಲಿನ ಹಲವು ರೈತರು ಅಷ್ಟರಲ್ಲಿ ಗಿಡ ಕಿತ್ತು ದುರಿಯನ್ ಹಣ್ಣಿನ ಮರ ನೆಟ್ಟಿದ್ದರು. ಲಂಡನ್ ಪೇಟೆಯಲ್ಲಿ ರೊಬಸ್ಟಾ ಬೆಲೆ ದಾಖಲೆ ಏರಿತು. ಕೊಡಗಿನ ಬೆಳೆಗಾರರು ಚೆರಿಯನ್ನು ಕಣದಿಂದ ನೇರ ಮಾರುವುದೋ, ಇನ್ನೂ ಏರಲೆಂದು ಗೋದಾಮಿನಲ್ಲಿ ಇಡುವುದೋ ಎಂದು ಲೆಕ್ಕ ಹಾಕುತ್ತ ಕೂತರು.