ಖೋಟಾ ಎನ್ನುವ ಮುನ್ನ



ತಿರುಮಣಿಯ ಕಡೆಯ ವಿದ್ಯಾರ್ಥಿಯೊಬ್ಬನು ಅಜ್ಜಿಯ ಸರದ ಕಾಸೊಂದನ್ನು ತಂದು, “ಇದು ರೋಮಿನ ನಾಣ್ಯವೇ, ಮೇಷ್ಟ್ರೇ? ಅಸಲಲ್ಲದಿದ್ದರೆ ಕರಗಿಸುತ್ತಾರಂತೆ” ಎಂದನು. ಅದು ರೋಮಿನದಾಗಿರಲಿಲ್ಲ, ಆದರೂ ಪ್ರಶ್ನೆ ಹಗುರವಾದುದಲ್ಲ.

ರೋಮಿನ ನಾಣ್ಯ ನಮ್ಮ ಸೀಮೆಗೆ ಹೊಸದೇನಲ್ಲ. ನೆರೆಯ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ವ್ಹೀಲರ್ ಅವರು ಅಗೆಸಿದಾಗ, ಶಾತವಾಹನರ ನಾಣ್ಯಗಳ ಜೊತೆಗೆ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯವೂ ದೊರೆಯಿತು. ಯಶವಂತಪುರದಲ್ಲಿ 1891ರಲ್ಲಿ ಇಂಥ 163 ನಾಣ್ಯಗಳು ಸಿಕ್ಕಿದ್ದವು.

ಅಸಲನ್ನು ಗುರುತಿಸುವುದು ಹೇಗೆ? ಮೊದಲು ಅಕ್ಷರ ನೋಡಬೇಕು. ರೋಮಿನ ಟಂಕಸಾಲೆಯ ನಾಣ್ಯದಲ್ಲಿ ಚಕ್ರವರ್ತಿಯ ಹೆಸರು, ಬಿರುದುಗಳು ಕ್ರಮವಾಗಿರುತ್ತವೆ. ಅನುಕರಣೆಯಲ್ಲಿಯಾದರೋ, ಓದು ಬಾರದ ಮಗು ಹಲಗೆಯ ಮೇಲಿನ ಬರಹವನ್ನು ನೋಡಿ ಬರೆದಂತೆ, ಅಕ್ಷರಗಳು ತಿರುಗುಮುರುಗಾಗಿ ಬರಿಯ ಗೀಟುಗಳಾಗುತ್ತವೆ. ಬಳಿಕ ತೂಕ: ಟೈಬೀರಿಯಸನ ಬೆಳ್ಳಿ ನಾಣ್ಯ ಸುಮಾರು 3.8 ಗ್ರಾಂ. ಆಮೇಲೆ ಅಂಚು: ಎರಕ ಹೊಯ್ದುದಾದರೆ ಅಲ್ಲಿ ಅಚ್ಚು ಕೂಡಿದ ಗೆರೆ ಕಾಣಬಹುದು, ಲೇಪ ಸವೆದಲ್ಲಿ ಒಳಗಿನ ತಾಮ್ರ ಇಣುಕಬಹುದು.

ಆದರೆ ಅನುಕರಣೆಯೆಲ್ಲ ಮೋಸವಲ್ಲ. ದಕ್ಷಿಣದಲ್ಲಿ ರೋಮಿನ ನಾಣ್ಯದ ಮಾದರಿಯನ್ನು ಚಿನ್ನದಲ್ಲಿಯೇ ಮಾಡಿ, ತೂತು ಕೊರೆದು ಕೊರಳಿಗೆ ಧರಿಸಿದವರುಂಟು. ತಾವು ಓದಲಾರದ ಲಿಪಿಯನ್ನೂ ನಮ್ಮ ಅಕ್ಕಸಾಲಿಗಳು ಅಂದವೆಂದು ಮೆಚ್ಚಿ ತಿದ್ದಿದರು. ಅದು ಚಕ್ರವರ್ತಿಯ ಚರಿತ್ರೆಯಲ್ಲ, ನಮ್ಮವರದೇ ಚರಿತ್ರೆ.

ಆದುದರಿಂದ ಹಳೆಯ ನಾಣ್ಯ ಸಿಕ್ಕರೆ ಹುಣಿಸೆಹಣ್ಣು ಹಾಕಿ ಉಜ್ಜಬೇಡಿ, ಅರದಿಂದ ಉಜ್ಜಿ ನೋಡಬೇಡಿ, ಬಲ್ಲವರಿಗೆ ತೋರಿಸಿ. ನೆಲದಲ್ಲಿ ನಿಧಿ ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಿ. ಕರಗಿದ ಲೋಹಕ್ಕೆ ಬೆಲೆ ಉಳಿದೀತು, ಮಾತು ಉಳಿಯದು.

ಆ ಅಜ್ಜಿ ಕಾಸನ್ನು ಕರಗಿಸಲಿಲ್ಲ.